ಬೆಟ್ಟದ ಗಡಿ ನಡೆಯುವುದಕ್ಕೂ ದುಡ್ಡು ಬೇಕು

ಮಲೆನಾಡಿನ ಊರುಗಳಿಗೆ ದಾನ ಕೊಡುವವರು ಕಡಿಮೆಯೇನಿಲ್ಲ. ಶಾಲೆಗೆ ಬೆಂಚು, ದೇವಸ್ಥಾನಕ್ಕೆ ತಗಡು, ಬಸ್ ತಂಗುದಾಣ, ಎಲ್ಲವೂ ಬರುತ್ತವೆ. ಆದರೆ ದರಕು (ಉದುರಿದ ಒಣ ಎಲೆ) ಗುಡಿಸುವ ಜಾಗಕ್ಕೆ ಎರಡು ಊರಿನವರು ಮಾತು ಬಿಟ್ಟಿದ್ದರೆ, ಕಾನಿನ, ಅಂದರೆ ದಟ್ಟ ಕಾಡಿನ, ಉಪ್ಪಾಗೆ ಹಣ್ಣಿಗೆ ಪ್ರತಿ ಮಳೆಗಾಲ ಜಗಳ ಹತ್ತುತ್ತಿದ್ದರೆ, ಅಲ್ಲಿಗೆ ಬೇಕಾದ ದುಡ್ಡು ಬೇರೆ ಥರದ್ದು. ಜೆರಾಕ್ಸಿಗೆ, ಜೀಪಿನ ಬಾಡಿಗೆಗೆ, ಕೂಲಿ ತಪ್ಪಿಸಿಕೊಂಡು ಸಭೆಗೆ ಬಂದವರ ದಿನಕ್ಕೆ, ಮಧ್ಯಾಹ್ನದ ಊಟಕ್ಕೆ. ಕಲ್ಲಿನ ಮೇಲೆ ಹೆಸರು ಕೆತ್ತಿಸಲು ಆಗದ ಖರ್ಚು ಇದು. ಹಾಗಾಗಿಯೇ ಇದಕ್ಕೆ ಯಾರೂ ಕೊಡುವುದಿಲ್ಲ.

2006ರ ಅರಣ್ಯ ಹಕ್ಕು ಕಾಯ್ದೆ ಎಂದರೆ ಬಹಳ ಜನಕ್ಕೆ ನೆನಪಾಗುವುದು ಒಬ್ಬೊಬ್ಬರ ಸಾಗುವಳಿ ಜಮೀನಿನ ಹಕ್ಕುಪತ್ರ, ಹೆಚ್ಚೆಂದರೆ 4 ಹೆಕ್ಟೇರ್. ಅದೇ ಕಾಯ್ದೆಯಲ್ಲಿ ಇಡೀ ಊರು ಒಟ್ಟಾಗಿ ಕೇಳಬಹುದಾದ ಸಮುದಾಯದ ಹಕ್ಕು ಇದೆ: ಸೊಪ್ಪು, ಸೌದೆ, ಜೇನು, ಸೀಗೆ, ದನ ಮೇಯುವ ಜಾಗ, ಚೌಡಿ ಬನ. ಇದಕ್ಕೆ ‘ಬಿ’ ನಮೂನೆ. ಕಾಡನ್ನು ಕಾಯುವ, ನಿರ್ವಹಿಸುವ ಹಕ್ಕಿಗೆ 2012ರ ತಿದ್ದುಪಡಿಯಲ್ಲಿ ಬಂದ ‘ಸಿ’ ನಮೂನೆ. ಅರ್ಜಿಯ ಜೊತೆ ನಕ್ಷೆ ಹೋಗಬೇಕು. ಗಡಿ ಎಳೆಯದೆ ನಕ್ಷೆ ಆಗುವುದಿಲ್ಲ, ಮತ್ತು ಗಡಿ ಎಂದ ಕೂಡಲೇ ಪಕ್ಕದ ಊರು ಎದ್ದು ನಿಲ್ಲುತ್ತದೆ.

ಇದಕ್ಕೆ ನಿಯಮದಲ್ಲೇ ದಾರಿ ಇದೆ. ಎರಡು ಊರಿನ ಕೇಳಿಕೆ ಒಂದರ ಮೇಲೊಂದು ಬಿದ್ದರೆ ಎರಡೂ ಅರಣ್ಯ ಹಕ್ಕು ಸಮಿತಿಗಳು ಒಟ್ಟಿಗೆ ಕೂತು, ಕಂಡುಕೊಂಡದ್ದನ್ನು ಬರೆದು ತಮ್ಮ ತಮ್ಮ ಗ್ರಾಮಸಭೆಗೆ ಕೊಡಬೇಕು. ಬಗೆಹರಿಯದಿದ್ದರೆ ಮಾತ್ರ ಅದು ಉಪವಿಭಾಗ ಮಟ್ಟದ ಸಮಿತಿಗೆ ಹೋಗುತ್ತದೆ. ನಮ್ಮ ಕಡೆ ಶಾಂತಿ ಅನ್ನುವುದು ಕೈಗೆ ಸಿಗುವುದು ಈ ಜಂಟಿ ಸಭೆಯಲ್ಲಿ. ನಿಮ್ಮ ದಾನ ಮೊದಲು ಸೇರಬೇಕಾದ್ದೂ ಇಲ್ಲಿಗೇ.

ಸಭೆ ಎಲ್ಲಿ ಎನ್ನುವುದೇ ಅರ್ಧ ಕೆಲಸ. ದೊಡ್ಡ ಮನೆಯ ಜಗಲಿಯಲ್ಲಿ ಕರೆದರೆ ಕಾಡನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲ ಹಸಲ ಸಮುದಾಯದವರು ಅಂಗಳದಲ್ಲೇ ನಿಂತು ಹೋಗುತ್ತಾರೆ. ಎರಡು ಊರಿಗೂ ಸಮದೂರದ ಶಾಲೆಯ ಕೋಣೆ ಒಳ್ಳೆಯದು. ಸಮಿತಿಯ 10ರಿಂದ 15 ಜನರಲ್ಲಿ ಮೂರರಲ್ಲಿ ಒಂದು ಪಾಲಾದರೂ ಹೆಂಗಸರು ಇರಬೇಕೆಂದು ನಿಯಮ ಹೇಳುತ್ತದೆ. ಅವರ ಹೆಸರು ಪುಸ್ತಕದಲ್ಲಿ ಇದ್ದರೆ ಸಾಲದು, ಸೌದೆಗೆ ದಿನಾ ನಡೆಯುವ ದಾರಿಯನ್ನು ಅವರ ಬಾಯಿಂದಲೇ ಕೇಳಿ ಬರೆಯಬೇಕು. ಗ್ರಾಮಸಭೆಗೆ ಅರ್ಧದಷ್ಟು ಸದಸ್ಯರು ಬರಲೇಬೇಕು. 18 ತುಂಬಿದವರು 200 ಇದ್ದರೆ 100 ಜನ, ಬಂದವರಲ್ಲಿ ಮೂರನೇ ಒಂದು ಪಾಲು ಹೆಂಗಸರು. ಒಂದೊಂದು ದಿಂಬದ (ಗುಡ್ಡದ) ಮೇಲೆ ಒಂದೊಂದು ಮನೆ ಇರುವ ನಮ್ಮ ಊರುಗಳಲ್ಲಿ ಜೀಪು ಎರಡು ಸಲ ಓಡದೆ ಈ ಲೆಕ್ಕ ತುಂಬುವುದಿಲ್ಲ. ಕೋರಂ ಇಲ್ಲದ ನಡಾವಳಿಯ ಮೇಲೆ ಎಷ್ಟು ಚಂದದ ನಕ್ಷೆ ಇಟ್ಟರೂ ಅದು ಮೇಲೆ ನಿಲ್ಲದು.

ಇನ್ನು ಗಡಿ ನಡೆಯುವುದು, ಅಂದರೆ ಎರಡು ಊರಿನವರೂ ಕೂಡಿ ಗಡಿಯುದ್ದಕ್ಕೂ ನಡೆದು ಗುರುತು ಮಾಡುವುದು. ಒಂದೊಂದು ಊರಿಂದ ಎಂಟೆಂಟು ಜನ, ಮೂರು ದಿನ ಎಂದಿಟ್ಟುಕೊಳ್ಳಿ: 48 ಆಳಿನ ಕೂಲಿ. ಎರಡು ಕಡೆಗೂ ಒಂದೇ ದರ, ಒಂದೇ ದಿನ ಪಾವತಿ. ಒಂದು ಕಡೆಯವರಿಗೆ ಮಾತ್ರ ಕೂಲಿ ಕೊಟ್ಟ ದಿನವೇ ಮಾತುಕತೆ ಮುರಿಯಿತು ಎಂದು ತಿಳಿಯಿರಿ. ನಡೆಯುವ ಮುಂಚೆ ಅರಣ್ಯ ಇಲಾಖೆಗೂ ಕಂದಾಯದವರಿಗೂ ಲಿಖಿತ ತಿಳಿವಳಿಕೆ ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಬೇಕು. ಅಧಿಕಾರಿಗಳು ಸ್ಥಳದಲ್ಲಿದ್ದು ಹುದ್ದೆ, ದಿನಾಂಕ ಬರೆದು ಸಹಿ ಹಾಕಬೇಕೆಂದು 12ಎ ನಿಯಮವಿದೆ. ಸೀಲಿನ ಪ್ರತಿ ಇಲ್ಲದಿದ್ದರೆ ‘ನಮಗೆ ಹೇಳಲೇ ಇಲ್ಲ’ ಎಂಬ ಒಂದು ಮಾತಿಗೆ ಮೂರು ದಿನದ ನಡಿಗೆ ನೀರುಪಾಲು.

ಹಳೆಯ ಅಗಳ (ಕಂದಕ), ಧರೆ, ಹಳ್ಳದ ತಿರುವು, ಭೂತನ ಕಲ್ಲು, ಪಾಳುಬಿದ್ದ ಮನೆಯ ಪಂಚಾಂಗ (ತಳಪಾಯ), ಬಾವಿ. ಒಂದೊಂದರ ಹತ್ತಿರವೂ ನಿಂತು ಮೊಬೈಲಿನ ಜಿಪಿಎಸ್ ಬಿಂದು ತೆಗೆಯಬೇಕು. ದಟ್ಟ ಕಾನಿನ ಕೆಳಗೆ ಸಿಗ್ನಲ್ ಅಲ್ಲಾಡುತ್ತದೆ. ನಡೆಯುತ್ತಲೇ ಒತ್ತಿದ ಬಿಂದು ಹಳ್ಳದ ಆಚೆ ದಡಕ್ಕೆ ಹೋಗಿ ಕೂತಿರುತ್ತದೆ, ಅದರಿಂದ ಹೊಸ ಜಗಳ. ಎರಡು ಮೂರು ನಿಮಿಷ ನಿಂತು, ಎರಡು ಫೋನಿನಲ್ಲಿ ತೆಗೆದು ಹೋಲಿಸಿ, ಜಾಗದ ಹೆಸರನ್ನು ಎರಡೂ ಊರಿನವರು ಕರೆಯುವಂತೆ ಬರೆದುಕೊಳ್ಳಿ. ಒಂದೇ ಕಲ್ಲಿಗೆ ಎರಡು ಹೆಸರಿದ್ದರೆ ಎರಡೂ ಇರಲಿ.

ಅರ್ಜಿಗಳು ಹೆಚ್ಚು ಬಿದ್ದುಹೋಗುವುದು ಹಿರಿಯರ ಹೇಳಿಕೆಯಲ್ಲಿ. ಪರಿಶಿಷ್ಟ ಪಂಗಡದವರಲ್ಲದವರು 2005ರ ಡಿಸೆಂಬರ್ 13ಕ್ಕೆ ಮುಂಚಿನ 75 ವರ್ಷದ ವಾಸ ತೋರಿಸಬೇಕು, ಅಂದರೆ 1930ರಿಂದ. ಅಷ್ಟು ಹಳೆಯ ಕಾಗದ ಯಾರ ಪೆಟ್ಟಿಗೆಯಲ್ಲಿದೆ? ಆದರೆ ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಸಾಕ್ಷ್ಯವೇ. ಇಂಥದ್ದೇ ದಾಖಲೆ ಬೇಕೆಂದು ಮೇಲಿನ ಸಮಿತಿಗಳು ಹಟ ಹಿಡಿಯುವಂತಿಲ್ಲ. ತಪ್ಪಾಗುವುದು ಡಿಟಿಪಿ ಅಂಗಡಿಯಲ್ಲಿ: ಒಂದೇ ಒಕ್ಕಣೆ, ಹೆಸರು ಮಾತ್ರ ಬೇರೆ, ನಲವತ್ತು ಪ್ರತಿ. ಓದಿದವರಿಗೆ ನಂಬಿಕೆ ಹೇಗೆ ಬಂದೀತು? ಬಾವಿ ತೆಗೆದವರು ಯಾರು, ಯಾವ ಮರದ ಬುಡದಲ್ಲಿ ಪೂಜೆ, ಯಾವ ಕಡೆ ಹೆಣ ಹೂಳುತ್ತಿದ್ದರು ಎಂದು ಅವರ ಮಾತಿನಲ್ಲೇ ಬರೆಯಲು ಒಬ್ಬರಿಗೆ ಅರ್ಧ ದಿನ ಹಿಡಿಯುತ್ತದೆ. ಬರೆಯುವ ಹುಡುಗಿಗೋ ಹುಡುಗನಿಗೋ ಆ ಅರ್ಧ ದಿನದ ಸಂಬಳ ಕೊಡಿ. ಇದಕ್ಕಿಂತ ಒಳ್ಳೆಯ ದಾನ ನಮಗೆ ತೋಚುವುದಿಲ್ಲ.

ಶರಾವತಿ ಮುಳುಗಡೆಯವರ ಕಷ್ಟವನ್ನು ಇದರ ಜೊತೆ ಬೆರೆಸಬೇಡಿ. ಲಿಂಗನಮಕ್ಕಿ ಆಣೆಕಟ್ಟು ಮುಗಿದದ್ದು 1964ರಲ್ಲಿ. ಅದರಿಂದ ಎದ್ದು ಬಂದು ಕಾಡಂಚಿನಲ್ಲಿ ನೆಲೆಸಿದವರ ಪ್ರಶ್ನೆ ಬಹುಪಾಲು ಡಿನೋಟಿಫಿಕೇಶನ್ನಿನದು, ಅಂದರೆ ಆ ಜಾಗವನ್ನು ಅರಣ್ಯದ ಪಟ್ಟಿಯಿಂದ ಬಿಡಿಸುವುದು, ದಾರಿಯೇ ಬೇರೆ.

ಈ ಕೆಲಸ ನಡೆಸುವ ಊರ ಸಂಘದವರು ವಕೀಲರ ಶುಲ್ಕಕ್ಕೆಂದು ದುಡ್ಡು ಕೇಳಿದರೆ ಮೊದಲು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿದ್ದಾರಾ ವಿಚಾರಿಸಿ. ಪರಿಶಿಷ್ಟ ಜಾತಿ, ಪಂಗಡದವರಿಗೆ, ಹೆಂಗಸರಿಗೆ ಅಲ್ಲಿ ಆದಾಯ ನೋಡದೆ ವಕೀಲರು ಸಿಗುತ್ತಾರೆ. ತೆರಿಗೆ ರಿಯಾಯಿತಿ ಬೇಕಿದ್ದರೆ 2,000 ರೂಪಾಯಿ ಮೀರಿದ್ದನ್ನು ನಗದಾಗಿ ಕೊಡಬೇಡಿ. ವಿದೇಶದಲ್ಲಿದ್ದೂ ಭಾರತದ ಪಾಸ್‌ಪೋರ್ಟ್ ಇರುವವರು ಸ್ವಂತ ಉಳಿತಾಯವನ್ನು ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಪಾಸ್‌ಪೋರ್ಟ್ ಬದಲಾಗಿದ್ದರೆ ಆಗುತ್ತದೆ, ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ನೋಂದಣಿ ಇಲ್ಲದ ಊರ ಸಂಘ ಅದನ್ನು ಮುಟ್ಟಿದರೆ ತೊಂದರೆ ಸಂಘಕ್ಕೇ.

‘ಎಷ್ಟು ಹಕ್ಕುಪತ್ರ ಬಂತು’ ಎಂದು ಆರು ತಿಂಗಳಿಗೇ ಕೇಳಬೇಡಿ. ಆ ಒತ್ತಡಕ್ಕೆ ಸಂಘದವರು ಜಂಟಿ ಸಭೆ ಬಿಟ್ಟು ಸುಲಭದ ಅರ್ಜಿ ತುಂಬಲು ಹೊರಡುತ್ತಾರೆ. ಅರ್ಜಿ ಬಿದ್ದುಹೋದರೆ ಮೇಲ್ಮನವಿ ಹಾಕಲು ಕೊಟ್ಟದ್ದರಲ್ಲಿ ಒಂದು ಪಾಲನ್ನು ಎತ್ತಿಡಲು ಹೇಳಿ, ಅದಕ್ಕೆ ಸಿಗುವುದು 60 ದಿನ ಮಾತ್ರ.

ಕೊಡುವ ಕಾಲವೂ ಮುಖ್ಯ. ದೀಪಾವಳಿಯಿಂದ ಅಡಿಕೆ ಕೊಯ್ಲು, ಆಗ ಯಾರೂ ಸಿಗುವುದಿಲ್ಲ. ಮಳೆ ಹಿಡಿದರೆ ಉಂಬಳ (ಜಿಗಣೆ), ಹಳ್ಳ ದಾಟುವಂತಿಲ್ಲ. ಶಿವರಾತ್ರಿಯೊಳಗೆ ಹಣ ಸೇರಿದರೆ ಆ ಬೇಸಿಗೆಯಲ್ಲೇ ಗಡಿ ನಡೆದು ಮುಗಿಸಬಹುದು. ಮೇ ಕೊನೆಗೆ ಬಂದದ್ದು ಮುಂದಿನ ವರ್ಷದ ಲೆಕ್ಕಕ್ಕೆ.