ಬಾಸ್ ಬೋಟಿನಲ್ಲಿ ಪಕ್ಕದ ಸೀಟಿನವರಿಗೂ ಕೆಲಸವಿದೆ

ಅಲಬಾಮದ ಗಂಟರ್ಸ್‌ವಿಲ್ ಜಲಾಶಯದಲ್ಲಿ ಬಾಸ್ ಮೀನು ಹಿಡಿಯಲು ಬರುವ ಗಿರಾಕಿಗಳು ಯಾವ ಗಾಳ, ಯಾವ ಜೊಂಡು, ಎಷ್ಟು ಆಳ ಅಂತೆಲ್ಲ ಕೇಳುತ್ತಾರೆ. ಬೋಟಿನಲ್ಲಿ ಹೇಗೆ ಕೂರಬೇಕು ಅಂತ ಕೇಳುವವರು ಅಪರೂಪ. ಗೈಡ್ ಕೆಲಸದಲ್ಲಿ ಮೊದಲು ಕಲಿಸಬೇಕಾದದ್ದು ಅದನ್ನೇ. ಇಪ್ಪತ್ತು, ಇಪ್ಪತ್ತೊಂದು ಅಡಿಯ ಫೈಬರ್ ಗ್ಲಾಸ್ ಬೋಟು, ಹಿಂದೆ 250 ಹಾರ್ಸ್‌ಪವರ್ ಎಂಜಿನ್. ಗಂಟೆಗೆ 70 ಮೈಲಿ ಎಂದರೆ ಸೆಕೆಂಡಿಗೆ 31 ಮೀಟರ್. ಬ್ರೇಕ್ ಇಲ್ಲ, ಸೀಟ್ ಬೆಲ್ಟೂ ಇಲ್ಲ. ಈ ವೇಗದಲ್ಲಿ ಪಕ್ಕದ ಸೀಟಿನಲ್ಲಿ ಕೂತವರ ಮೈಭಾರವೂ ಬೋಟಿನ ಸಮತೋಲದ ಲೆಕ್ಕಕ್ಕೆ ಸೇರುತ್ತದೆ.

ದಡದಲ್ಲಿ ಕಟ್ಟಿರುವಾಗಲೇ ಹೇಳಿ ಮುಗಿಸಬೇಕು. ಹೊರಟ ಮೇಲೆ ಗಾಳಿಯ ಸದ್ದಿಗೆ ಏನೂ ಕೇಳಿಸುವುದಿಲ್ಲ.

ಮೊದಲು ಕಿಲ್ ಸ್ವಿಚ್, ಅಂದರೆ ಚಾಲಕನ ಮೈಗೆ ಕಟ್ಟಿದ ದಾರ ಕಳಚಿದ ಕೂಡಲೇ ಎಂಜಿನ್ ಆರಿಸುವ ಸ್ವಿಚ್. 26 ಅಡಿಗಿಂತ ಚಿಕ್ಕ ಬೋಟಿನಲ್ಲಿ ಈ ಸ್ವಿಚ್ ಇದ್ದರೆ, ವೇಗವಾಗಿ ಹೋಗುವಾಗ ಚಾಲಕ ಅದರ ದಾರ ಕಟ್ಟಿಕೊಂಡಿರಲೇಬೇಕು. ಅಮೆರಿಕದ ಫೆಡರಲ್ ಕಾನೂನು 2021ರ ಏಪ್ರಿಲ್ 1ರಿಂದ ಹೀಗೆ ಹೇಳುತ್ತದೆ. ದಾರವನ್ನು ಜಾಕೆಟ್ಟಿನ ಲೋಹದ ಬಳೆಗೆ ಸಿಕ್ಕಿಸಿ, ಎಂಜಿನ್ ಸುಮ್ಮನೆ ತಿರುಗುತ್ತಿರುವಾಗ ಒಮ್ಮೆ ಎಳೆದು ನೋಡಿ. ತಕ್ಷಣ ಆರದಿದ್ದರೆ ಅವತ್ತು ಹೊರಡಬೇಡಿ. ದಾರವಿಲ್ಲದೆ ಚಾಲಕ ನೀರಿಗೆ ಬಿದ್ದರೆ ಎಂಜಿನ್ನಿನ ತಿರುಚುಬಲಕ್ಕೆ ಸ್ಟಿಯರಿಂಗ್ ತಾನಾಗಿ ಒಂದು ಕಡೆ ತಿರುಗಿ, ಬೋಟು ಗಿರಕಿ ಹೊಡೆಯುತ್ತ ಬಿದ್ದವನ ಮೇಲೆಯೇ ಬರುತ್ತದೆ.

ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಚಾಲಕನ ಜೊತೆ ದಾರವೂ ಅದರ ತುದಿಯಲ್ಲಿ ಸ್ವಿಚ್ಚಿಗೆ ಸಿಕ್ಕಿಸುವ ಕ್ಲಿಪ್ಪೂ ನೀರಿಗೆ ಹೋದವಲ್ಲ, ಈಗ ಪಕ್ಕದವರು ಕೀ ತಿರುಗಿಸಿದರೆ ಎಂಜಿನ್ ಹತ್ತುವುದಿಲ್ಲ. ಅದಕ್ಕೆ ಇನ್ನೊಂದು ಕ್ಲಿಪ್ ಬೋಟಿನಲ್ಲಿ ಇರಬೇಕು, ಎಲ್ಲಿದೆ ಅಂತ ಪಕ್ಕದವರ ಕೈಯಲ್ಲೇ ತೆಗೆಸಿ ತೋರಿಸಬೇಕು. ಗೇರ್ ನ್ಯೂಟ್ರಲ್‌ಗೆ ತನ್ನಿ, ಕ್ಲಿಪ್ ಸಿಕ್ಕಿಸಿ, ಎಂಜಿನ್ ಹತ್ತಿಸಿ ನಿಧಾನವಾಗಿ ಬಿದ್ದವರ ಕಡೆ ಹೋಗಿ, ಹತ್ತಿರವಾದ ಕೂಡಲೇ ಆರಿಸಿ. ಪ್ರೊಪೆಲರ್ ತಿರುಗುತ್ತಿರುವಾಗ ಯಾರನ್ನೂ ಮೇಲೆ ಎಳೆದುಕೊಳ್ಳಬಾರದು. ಎಂಜಿನ್ ಹತ್ತದಿದ್ದರೆ ಬೋಟಿನ ಮುಂಭಾಗದ ಟ್ರೋಲಿಂಗ್ ಮೋಟರನ್ನು (ಮೀನು ಹಿಡಿಯುವಾಗ ನಿಧಾನವಾಗಿ ಸಾಗಲು ಇರುವ ಚಿಕ್ಕ ವಿದ್ಯುತ್ ಮೋಟರ್) ನೀರಿಗೆ ಇಳಿಸಿ ಹೋಗಬಹುದು. ಅದನ್ನು ಇಳಿಸುವುದು ಹೇಗೆಂದೂ ತೋರಿಸಿಡಿ.

ಲೈಫ್ ಜಾಕೆಟ್ ವಿಚಾರದಲ್ಲಿ ನನ್ನ ಮತ ಫೋಮ್ ಜಾಕೆಟ್ಟಿಗೆ. ಗ್ಯಾಸ್ ತುಂಬಿ ಉಬ್ಬುವ ಜಾಕೆಟ್ ಹಗುರ, ಮೀನು ಹಿಡಿಯುವಾಗ ಆರಾಮ, ಆದರೆ ಓಟದಲ್ಲಿ ಬಿದ್ದವರು ನೀರಿಗೆ ಬಡಿಯುವ ರಭಸಕ್ಕೆ ಫೋಮಿನದೇ ವಾಸಿ. 16 ವರ್ಷಕ್ಕಿಂತ ಕಿರಿಯರಿಗೆ ಉಬ್ಬುವ ಜಾಕೆಟ್ಟಿಗೆ ಅನುಮೋದನೆಯೇ ಇಲ್ಲ. ಹತ್ತಿರದ ಹಂಟ್ಸ್‌ವಿಲ್ ನಗರದ ಕಡೆಯಿಂದ ಮಕ್ಕಳನ್ನು ಕರೆದುಕೊಂಡು ಬರುವ ನಮ್ಮವರು ನೆನಪಿಡಿ: ಅಲಬಾಮದಲ್ಲಿ 8 ವರ್ಷದೊಳಗಿನ ಮಕ್ಕಳಿಗೆ ಜಾಕೆಟ್ ಕಡ್ಡಾಯ. ಅಣೆಕಟ್ಟಿನ ಕೆಳಗೆ 800 ಅಡಿಯೊಳಗೆ ಹೋದರೆ ದೊಡ್ಡವರಿಗೂ ಕಡ್ಡಾಯ.

ಇನ್ನು ಸಾಮಾನು. ಗಾಳದ ಕೋಲುಗಳನ್ನು ಪಟ್ಟಿಯಿಂದ ಬಿಗಿಯಿರಿ, ಮೂರು ಕೊಕ್ಕೆಯ ಗಾಳಗಳು ಪೆಟ್ಟಿಗೆಯೊಳಗಿರಲಿ, ಮುಚ್ಚಳಗಳ ಚಿಲಕ ಹಾಕಿ. ಟ್ರೋಲಿಂಗ್ ಮೋಟರಿಗೆ ಪಟ್ಟಿ ಕಟ್ಟದಿದ್ದರೆ ಅಲೆಯ ಹೊಡೆತಕ್ಕೆ ಅದು ಕಳಚಿ ನೀರಿಗೆ ಬೀಳುತ್ತದೆ. ಎತ್ತರದ ಕಂಬದ ಸೀಟನ್ನು ಕಳಚಿಡಿ. ಬೋಟು ಓಡುವಾಗ ಅದರ ಮೇಲೆ ಯಾರೂ ಕೂರಬಾರದು, ಬೋಟಿನ ಮೂತಿಯ (ಮುಂತುದಿಯ) ಮೇಲೆ ಕೂರುವುದಂತೂ ಬೇಡವೇ ಬೇಡ. ಟೋಪಿ ತೆಗೆಯಿರಿ, ಕನ್ನಡಕಕ್ಕೆ ದಾರ ಕಟ್ಟಿ.

ಕೂರುವ ರೀತಿ: ಎರಡೂ ಪಾದ ನೆಲಕ್ಕೆ, ಬೆನ್ನು ಸೀಟಿಗೆ, ಕೈ ಹಿಡಿಕೆಗೆ, ಕಣ್ಣು ಮುಂದಿನ ನೀರಿಗೆ. ಅಲೆ ಬರುವುದು ಕಂಡಾಗ ಮೊಣಕಾಲಿಗೆ ಸ್ವಲ್ಪ ಭಾರ ಕೊಟ್ಟು ಸೊಂಟವನ್ನು ಸೀಟಿನಿಂದ ಹಗುರ ಮಾಡಿ. ಫೋನ್ ನೋಡುತ್ತ ಸಡಿಲವಾಗಿ ಕೂತವರು ಬೋಟಿನ ಜೊತೆ ಮೇಲೆದ್ದು, ಅದು ನೀರಿಗೆ ಬಡಿಯುವಾಗ ಸೀಟಿನ ಮೇಲೆ ಕುಕ್ಕರಿಸುತ್ತಾರೆ. ಆ ಪೆಟ್ಟು ನೇರ ಬೆನ್ನುಮೂಳೆಗೆ. ಕಶೇರು ಮುರಿದು ಜಜ್ಜಿಹೋಗುವುದು ಇಂಥ ಪೆಟ್ಟಿನಿಂದಲೇ.

ಹೊರಡುವಾಗ ಮೂತಿ ಆಕಾಶಕ್ಕೆ ಏಳುತ್ತದೆ, ಕೆಲವು ಕ್ಷಣ ಮುಂದೇನೂ ಕಾಣಿಸುವುದಿಲ್ಲ. ಹೆದರಬೇಡಿ, ಹಿಡಿಕೆ ಬಿಡಬೇಡಿ. ಟ್ರಿಮ್, ಅಂದರೆ ಎಂಜಿನ್ನಿನ ಓರೆಯನ್ನು, ಪೂರ್ತಿ ಒಳಗಿಟ್ಟು ಥ್ರಾಟಲ್ (ವೇಗದ ಪೆಡಲ್) ಒತ್ತಿದರೆ ಬೋಟು ಬೇಗ ನೀರಿನ ಮೇಲೇರಿ ಜಾರತೊಡಗುತ್ತದೆ. ಆಮೇಲೆ ಟ್ರಿಮ್ ಸ್ವಲ್ಪ ಸ್ವಲ್ಪವೇ ಹೊರಗೆ. ಅತಿಯಾದರೆ ಮೂತಿ ಮೇಲೆ ಕೆಳಗೆ ಕುಣಿಯುತ್ತದೆ. ಒಂದು ಚೂರು ಒಳಗೆ ತಂದರೆ ನಿಲ್ಲುತ್ತದೆ.

ಅಡ್ಡಡ್ಡ ತೂಗಾಟ ಇದಕ್ಕಿಂತ ಕೆಟ್ಟದ್ದು. ಪೂರ್ಣ ವೇಗದಲ್ಲಿ ಬೋಟಿನ ತಳದ ಹಿಂಭಾಗದ ಒಂದು ಕಿರಿದಾದ ಪಟ್ಟಿ ಮಾತ್ರ ನೀರಿಗೆ ತಾಗಿರುತ್ತದೆ. ಬೋಟು ಒಂದು ಬದಿಗೆ ವಾಲುತ್ತದೆ, ಚಾಲಕ ತಡವಾಗಿ ಸ್ಟಿಯರಿಂಗ್ ತಿರುಗಿಸುತ್ತಾನೆ, ಅದು ಇನ್ನೊಂದು ಬದಿಗೆ ಇನ್ನೂ ಜೋರಾಗಿ ಬೀಳುತ್ತದೆ. ಇದೇ ಹೊತ್ತಿಗೆ ಪಕ್ಕದವರು ಗಾಬರಿಯಿಂದ ಎದುರು ಬದಿಗೆ ವಾಲಿದರೆ ತೂಗಾಟಕ್ಕೆ ಇನ್ನಷ್ಟು ಬಲ. ಅಲುಗಾಡದೆ ಕೂರುವುದೇ ಅವರು ಮಾಡಬಹುದಾದ ಸಹಾಯ. ಚಾಲಕ ಥ್ರಾಟಲನ್ನು ಮೆಲ್ಲಗೆ ಇಳಿಸಿ, ಟ್ರಿಮ್ ಸ್ವಲ್ಪ ಒಳಗೆ ತರಬೇಕು. ಥಟ್ಟನೆ ಕಾಲು ತೆಗೆದರೆ ಮೂತಿ ನೀರಿಗೆ ಕಚ್ಚಿ, ಹಿಂಬದಿ ಮುಂದಕ್ಕೆ ತಿರುಗಿ ಜನ ಹೊರಗೆ ಎಸೆಯಲ್ಪಡುತ್ತಾರೆ. ಕಡಿಮೆ ವೇಗದಲ್ಲೇ ತೂಗಾಟ ಶುರುವಾದರೆ ಸ್ಟಿಯರಿಂಗಿನ ಸಡಿಲ ನೋಡಿ: ಹೈಡ್ರಾಲಿಕ್ ಕೊಳವೆಯಲ್ಲಿ ಗಾಳಿ ಸೇರಿರಬಹುದು.

ಗಂಟರ್ಸ್‌ವಿಲ್ ಇರುವುದು ಟೆನೆಸ್ಸಿ ನದಿಯ ಮೇಲೆ. 69,000 ಎಕರೆ ನೀರು ಅಂದ ಮಾತ್ರಕ್ಕೆ ಎಲ್ಲೆಡೆ ಆಳವಿದೆ ಅಂದುಕೊಳ್ಳಬೇಡಿ. ಹಳೆಯ ನದಿಪಾತ್ರದ ಗುರುತು ದಾಟಿದರೆ ತೆಳು ನೀರು, ಬೊಡ್ಡೆ, ಹೈಡ್ರಿಲ್ಲಾ, ಮಿಲ್‌ಫಾಯ್ಲ್ ಕಳೆ. ಪ್ರವಾಹಕ್ಕೆ ಎದುರಾಗಿ ಹೋಗುವಾಗ ಕೆಂಪು ಗುರುತು ಬಲಕ್ಕೆ, ಹಸಿರು ಎಡಕ್ಕೆ ಇರಬೇಕು. ಕಳೆಯ ಮೇಲೆ ಹಾದು ಬಂದ ಮೇಲೆ ಎಂಜಿನ್ನಿನ ನೀರಿನ ಒತ್ತಡದ ಮಾಪಕ ನೋಡಿ. ಮುಳ್ಳು ಬಿದ್ದರೆ ನೀರು ಹೀರುವ ತೂತಿಗೆ ಕಳೆ ಅಂಟಿದೆ ಎಂದೇ ಅರ್ಥ. ಎಂಜಿನ್ ಆರಿಸಿ, ಕ್ಲಿಪ್ ತೆಗೆದು, ಮೇಲೆತ್ತಿ, ಕೈಯಿಂದ ಬಿಡಿಸಿ.

ನದಿಪಾತ್ರದಲ್ಲಿ ಬಾರ್ಜ್ ತಳ್ಳುವ ದೊಡ್ಡ ಹಡಗುಗಳು ಓಡಾಡುತ್ತವೆ. ಅವುಗಳ ಅಲೆ ಎದುರಾದರೆ ದೂರದಲ್ಲೇ ವೇಗ ಇಳಿಸಿ, ಅಲೆಗೆ ಓರೆಯಾಗಿ, ಮೂತಿ ಎತ್ತಿಕೊಂಡು ದಾಟಿ. ಅಲೆಯ ಬುಡಕ್ಕೆ ಬಂದ ಮೇಲೆ ಥ್ರಾಟಲ್ ಬಿಟ್ಟರೆ ಮೂತಿ ಕುಸಿದು ಮುಂದಿನ ಅಲೆಯೊಳಗೆ ನುಗ್ಗುತ್ತದೆ, ಮುಂಭಾಗದ ತುಂಬ ನೀರು.

ಮೀನು ಇಡುವ ತೊಟ್ಟಿ ಎಷ್ಟು ಭಾರ ಅಂತ ಯಾರೂ ಯೋಚಿಸುವುದಿಲ್ಲ. 30 ಗ್ಯಾಲನ್ ನೀರೆಂದರೆ ಸುಮಾರು 113 ಕಿಲೋ, ಅಂದರೆ ಇನ್ನೊಬ್ಬ ದಪ್ಪ ಮನುಷ್ಯ. ಬೆಳಗ್ಗೆ ಖಾಲಿ ಹೊರಡಿ, ಜಾಗ ಸೇರಿದ ಮೇಲೆ ತುಂಬಿಸಿ. ಮೀನು ಇದ್ದಾಗ ಅರ್ಧ ತುಂಬುವುದಕ್ಕಿಂತ ಪೂರ್ತಿ ತುಂಬುವುದು ಒಳ್ಳೆಯದು. ಅರೆತುಂಬಿದ ನೀರು ತುಳುಕಾಡಿ ಮೀನನ್ನೂ ಜಜ್ಜುತ್ತದೆ, ಬೋಟನ್ನೂ ವಾಲಿಸುತ್ತದೆ.

ನಿಲ್ಲಿಸುವಾಗ ಬೋಟು ಕೂತುಕೊಳ್ಳುತ್ತಿದ್ದಂತೆ ಅದರ ಬೆನ್ನ ಹಿಂದಿನ ಸ್ವಂತ ಅಲೆ ಬಂದು ಹಿಂಬದಿಗೆ ತಳ್ಳುತ್ತದೆ. ವೇಗ ಇಳಿಯಿತು ಅಂತ ಗಿರಾಕಿಗಳು ಗಾಳದ ಕೋಲು ತೆಗೆಯಲು ಎದ್ದು ನಿಲ್ಲುವುದು ಸರಿಯಾಗಿ ಆ ಹೊತ್ತಿಗೇ. ಟ್ರೋಲಿಂಗ್ ಮೋಟರ್ ನೀರಿಗೆ ಇಳಿಯುವ ತನಕ ಕೂತೇ ಇರಿ ಅಂತ ದಡದಲ್ಲೇ ಹೇಳಿಬಿಡಿ.