12ರ ಅಕ್ಕನಿಗೂ 6ರ ತಮ್ಮನಿಗೂ ಒಂದೇ ಮಣೆ

ಶಿರಸಿಯ ಆಷಾಢದ ಮಳೆಗೆ ಕರೆಂಟು ಹೋದ ಸಂಜೆಗಳಲ್ಲಿ 12 ವರ್ಷದ ಮಗಳನ್ನೂ 6 ವರ್ಷದ ಮಗನನ್ನೂ ಒಂದೇ ಆಟಕ್ಕೆ ಕೂರಿಸುವುದು ನಾನು ಅಂದುಕೊಂಡಷ್ಟು ಸುಲಭವಾಗಿರಲಿಲ್ಲ. ಚದುರಂಗದಲ್ಲಿ ತಮ್ಮ ಹತ್ತು ನಡೆಯೊಳಗೆ ಸೋತು ಅಳುತ್ತಿದ್ದ. ಎಲ್ಲವೂ ದಾಳದ ಕೈಯಲ್ಲೇ ಇರುವ ಹಾವು-ಏಣಿಯಲ್ಲಿ ಅಕ್ಕನಿಗೆ ಯೋಚಿಸಲು ಏನೂ ಇರಲಿಲ್ಲ. ಕೇರಂ ಬೋರ್ಡಂತೂ ಮಳೆಗಾಲದ ಥಂಡಿಗೆ ಪೌಡರು ಮುದ್ದೆಯಾಗಿ ಮೂಲೆ ಸೇರಿತ್ತು.

ಕೊನೆಗೆ ಒದಗಿದ್ದು ಚೌಕಾಬಾರ. ನೆಲದ ಮೇಲೆ ಸೀಮೆಸುಣ್ಣದಲ್ಲಿ 25 ಮನೆ ಬರೆದು 4 ಕವಡೆ ಹಾಕಿದರಾಯಿತು. ಎಲ್ಲವೂ ಅಂಗಾತ ಬಿದ್ದರೆ 4, ಎಲ್ಲವೂ ಬೋರಲಾದರೆ 8. ಎಷ್ಟು ಬೀಳುತ್ತದೆ ಎಂಬುದು ಅದೃಷ್ಟವಾದರೂ, ಯಾವ ಕಾಯಿ ನಡೆಸಬೇಕು, ಯಾವುದನ್ನು ಎದುರಾಳಿ ಹೊಡೆಯಲಾಗದ ಮನೆಯಾದ ಕಟ್ಟೆಯಲ್ಲೇ ಬಿಡಬೇಕು ಎಂಬುದು ಆಡುವವರ ತೀರ್ಮಾನವಾದ್ದರಿಂದ, ಚಿಕ್ಕವನಿಗೆ ಗೆಲ್ಲುವ ಆಸೆಯೂ ದೊಡ್ಡವಳಿಗೆ ಲೆಕ್ಕಾಚಾರವೂ ಉಳಿಯುತ್ತವೆ.

ಚೆನ್ನೆಮಣೆಯ ಮಾತು ಬೇರೆ. 14 ಗುಳಿಗಳಿಗೆ ತಲಾ 4ರಂತೆ 56 ಹುಣಸೆಬೀಜ. ಮಗ ಒಂದೊಂದೇ ಬೀಜ ಬಿಡುತ್ತಾ, ಇನ್ನೆಷ್ಟು ಉಳಿದಿವೆಯೆಂದು ಮುಷ್ಟಿಯೊಳಗೆ ಇಣುಕುತ್ತಾನೆ. ಮಗಳು ಕೊನೆಯ ಬೀಜ ಬೀಳುವ ಗುಳಿಯನ್ನು ಮೊದಲೇ ಕಣ್ಣಲ್ಲಿ ಅಳೆದಿರುತ್ತಾಳೆ. ಇಲ್ಲಿ ಅದೃಷ್ಟದ ಆಸರೆ ಇಲ್ಲವಾದ್ದರಿಂದ ಅವನನ್ನು ಅಜ್ಜಿಯ ಪಕ್ಷಕ್ಕೆ ಸೇರಿಸಿದ್ದೇವೆ. ಅಜ್ಜಿಗೆ ಕಣ್ಣು ಮಂಜಾಗಿದ್ದರೂ, ಗುಳಿಗೆ ಬೆರಳಾಡಿಸಿಯೇ ಬೀಜ ಎಣಿಸುತ್ತಾರೆ. ಈ ವಾರ ಮಗಳು ಎರಡು ಸಲ ಸೋತಿದ್ದಾಳೆ.