ಕರೆಗಳ ಲೆಕ್ಕ ಕಲಿಸಿದ ಮೇಷ್ಟ್ರು

ನಮಗೆ ಟ್ರಾಫಿಕ್ ಥಿಯರಿ, ಅಂದರೆ ಫೋನ್ ಕರೆಗಳ ದಟ್ಟಣೆಯ ಲೆಕ್ಕ, ಕಲಿಸಿದ ಮೇಷ್ಟ್ರು ತೀರಿಕೊಂಡ ಸುದ್ದಿ ತಿಳಿದ ವಾರದಲ್ಲೇ ಸಂಪಾದಕರು ಈ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದರು. ಸಂಜೆಯ ಎಂ.ಇ. ದೂರಸಂಪರ್ಕ ತರಗತಿಯಲ್ಲಿ ಓದಿದ್ದರಲ್ಲಿ ಮುಕ್ಕಾಲು ಪಾಲು ಮರೆತುಹೋಗಿದೆ. ಆಂಟೆನಾದ ಸಮೀಕರಣಗಳಂತೂ ಪರೀಕ್ಷೆ ಮುಗಿದ ಮರುದಿನವೇ ತಲೆ ಖಾಲಿ ಮಾಡಿದವು. ಮೇಷ್ಟ್ರು ಮಾತ್ರ ಉಳಿದಿದ್ದಾರೆ.

ತೊಂಬತ್ತರ ದಶಕದ ಆರಂಭ. ದೂರವಾಣಿನಗರದ ಐಟಿಐ ಟೆಲಿಫೋನ್ ಕಾರ್ಖಾನೆ, ಜಾಲಹಳ್ಳಿಯ ಬಿಇಎಲ್, ಊರಿನ ನಾನಾ ಎಕ್ಸ್‌ಚೇಂಜ್‌ಗಳಿಂದ ಡ್ಯೂಟಿ ಮುಗಿಸಿ, ಬಸ್ಸಿನಲ್ಲಿ ನಿಂತುಕೊಂಡೇ ಬಂದು ಕುಳಿತುಕೊಳ್ಳುತ್ತಿದ್ದ ನಾವೆಲ್ಲ ಬಹುಪಾಲು ಸಂಸಾರಸ್ಥರು. ಬೆಂಚಿನ ಕೆಳಗೆ ತರಕಾರಿ ಚೀಲಗಳೂ ಇರುತ್ತಿದ್ದವು. ಆರೂವರೆಗೆಲ್ಲ ಆಕಳಿಕೆ ಶುರು. ಮೇಷ್ಟ್ರು ಪುಸ್ತಕ ತೆರೆಯುತ್ತಿರಲಿಲ್ಲ. "ಇವತ್ತು ನಿಮ್ಮಲ್ಲಿ ಗದ್ದಲ ಯಾವ ಹೊತ್ತಿಗೆ ಏರಿತು?" ಎಂದು ಒಬ್ಬೊಬ್ಬರನ್ನೇ ಕೇಳುತ್ತಿದ್ದರು. ರಾತ್ರಿ ದರ ಇಳಿಯುವ ಹೊತ್ತಿಗೆ ಎಸ್‌ಟಿಡಿ ಬೂತ್‌ಗಳ ಮುಂದೆ ಸಾಲು ಬೆಳೆಯುತ್ತಿದ್ದ ಕಾಲ ಅದು. ಆ ಸಾಲೇ ಅವರಿಗೆ ಪಠ್ಯ.

ಒಮ್ಮೆ ಹಲಗೆಯ ಮೇಲೆ ಬರೆದರು: ಗಂಟೆಗೆ ಸರಾಸರಿ 30 ಕರೆ, ಒಂದೊಂದು ಕರೆಗೆ ಎರಡು ನಿಮಿಷ. ಒಟ್ಟು ಅರವತ್ತು ನಿಮಿಷ, ಅಂದರೆ ಕರೆಗಳ ಹೊರೆ ಅಳೆಯುವ ಮಾನದಲ್ಲಿ ಒಂದು ಎರ್ಲಾಂಗ್. "ಹಾಗಾದರೆ ಒಂದು ಲೈನ್ ಸಾಕಲ್ಲವೇ ಸಾರ್?" ಎಂದ ನಮ್ಮಲ್ಲೊಬ್ಬ. ಮೇಷ್ಟ್ರು ಇದಕ್ಕೇ ಕಾದಿದ್ದವರಂತೆ ಸೀಮೆಸುಣ್ಣ ಹಿಡಿದರು. ಒಂದೇ ಲೈನಿದ್ದರೆ ಅರ್ಧದಷ್ಟು ಕರೆಗಳಿಗೆ ಎಂಗೇಜ್ ಸದ್ದೇ ಗತಿ. ಎರಡಿದ್ದರೆ ಐದರಲ್ಲಿ ಒಂದಕ್ಕೆ, ಮೂರಿದ್ದರೂ ಹದಿನಾರರಲ್ಲಿ ಒಂದಕ್ಕೆ. "ಜನ ಸರದಿ ಹಿಡಿದು ಫೋನ್ ಎತ್ತುವುದಿಲ್ಲ, ಮನಸ್ಸು ಬಂದಾಗ ಎತ್ತುತ್ತಾರೆ. ಸರಾಸರಿ ನೋಡಿ ಲೈನ್ ಹಾಕಿದವನು ಹಬ್ಬದ ದಿನ ಬೈಸಿಕೊಳ್ಳುತ್ತಾನೆ." 1917ರಲ್ಲಿ ಈ ಸೂತ್ರ ಪ್ರಕಟಿಸಿದ ಎರ್ಲಾಂಗ್ ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯ ನೌಕರ. ಅವನೂ ನಿಮ್ಮ ಹಾಗೆ ಸಂಬಳದವನೇ ಎಂದು ಮೇಷ್ಟ್ರು ಆಗಾಗ ನಮ್ಮನ್ನು ಹುರಿದುಂಬಿಸುತ್ತಿದ್ದರು.

ಇಂಥವರ ಕಿರುಪರೀಕ್ಷೆಯಲ್ಲೇ ನಾವು ಕಿತಾಪತಿ ಮಾಡಿದ್ದು. ಎಕ್ಸ್‌ಚೇಂಜಿನಲ್ಲಿ ಸಂಜೆ ಪಾಳಿಯಲ್ಲಿದ್ದ ಗೆಳೆಯನೊಬ್ಬ ಪಕ್ಕದ ವಿಭಾಗ ಕಚೇರಿಯ ಫೋನನ್ನು ಹತ್ತು ಹತ್ತು ನಿಮಿಷಕ್ಕೆ ರಿಂಗ್ ಮಾಡಿಸುವುದು, ಗುಮಾಸ್ತರು ಮನೆಗೆ ಹೋಗಿರುತ್ತಿದ್ದರಿಂದ ಮೇಷ್ಟ್ರೇ ಎದ್ದು ಹೋಗುವುದು, ಅಷ್ಟರಲ್ಲಿ ನಾವು ಉತ್ತರ ಹೋಲಿಸಿಕೊಳ್ಳುವುದು ಎಂದು ಒಪ್ಪಂದವಾಗಿತ್ತು. ಎರಡು ಸಲ ಅಂದುಕೊಂಡಂತೆಯೇ ನಡೆಯಿತು. ಮೂರನೆಯ ಸಲ ಮೇಷ್ಟ್ರು ಏಳಲಿಲ್ಲ. ಗಂಟೆ ಬಡಿದುಕೊಳ್ಳುತ್ತಲೇ ಇತ್ತು. ಅವರು ಕೈಗಡಿಯಾರ ನೋಡಿ, ಹಲಗೆಯ ಮೇಲೆ ಹೊಸ ಪ್ರಶ್ನೆ ಬರೆದರು: "ಕರೆಗಳು ಸರಿಯಾಗಿ ಹತ್ತು ನಿಮಿಷಕ್ಕೊಂದರಂತೆ ಬರುತ್ತಿವೆ. (ಅ) ಇದು ಪಾಯ್ಸಾನ್ ವಿತರಣೆಗೆ ಹೊಂದುತ್ತದೆಯೇ? (ಆ) ಹೊಂದದಿದ್ದರೆ, ಕರೆ ಮಾಡುತ್ತಿರುವ ನೌಕರ ಯಾವ ಎಕ್ಸ್‌ಚೇಂಜಿನವನು? ಐದು ಅಂಕ."

ಪಾಯ್ಸಾನ್ ವಿತರಣೆಯೆಂದರೆ ಒಂದಕ್ಕೊಂದು ಸಂಬಂಧವಿಲ್ಲದೆ, ಮನಸ್ಸು ಬಂದಾಗ ಬರುವ ಕರೆಗಳ ಲೆಕ್ಕ. ಎರಡನೆಯ ಭಾಗಕ್ಕೆ ಯಾರೂ ಉತ್ತರಿಸಲಿಲ್ಲ. ಮೊದಲನೆಯದಕ್ಕೆ ಪೂರ್ತಿ ಅಂಕ ನನಗೊಬ್ಬನಿಗೇ ಬಂತೆಂಬುದನ್ನು ಇಲ್ಲಿ ದಾಖಲಿಸಲೇಬೇಕು. ಮುಂದಿನ ತರಗತಿಗೆ ಏನೂ ಅರಿಯದವನಂತೆ ಬಂದ ಗೆಳೆಯನಿಗೆ ಮೇಷ್ಟ್ರು ಹೇಳಿದ್ದು ಇಷ್ಟೇ: "ಇನ್ನು ಮೇಲೆ ಗಡಿಯಾರ ನೋಡದೆ ಫೋನ್ ಮಾಡಿಸಿ."

ಮುಂದೆ ನನ್ನ ಪಾಲಿಗೆ ಜಾಲ ಯೋಜನೆಯ ಕೆಲಸವೇ ಬಂತು. ಜಾತ್ರೆಯ ಊರೊಂದಕ್ಕೆ ವರ್ಷದ ಸರಾಸರಿ ಸಾಕೆಂದ ಹಿರಿಯ ಅಧಿಕಾರಿಯೊಂದಿಗೆ ವಾದಿಸಿ, ತೇರಿನ ದಿನದ ಲೆಕ್ಕದಲ್ಲೇ ಚಾನೆಲ್ ಹಾಕಿಸಿದೆ. ಆ ವರ್ಷ ಅಲ್ಲಿಂದ ದೂರು ಬರಲಿಲ್ಲ. ನಾನು ದಕ್ಷನೆಂದು ಹೆಸರಾಯಿತು. ಹೆಸರಿನಲ್ಲಿ ಮೇಷ್ಟ್ರ ಪಾಲೂ ಇತ್ತು, ನನ್ನದು ಸ್ವಲ್ಪ ಹೆಚ್ಚು.

ಈಗ ಉದ್ಯೋಗಸ್ಥರ ಸ್ನಾತಕೋತ್ತರ ಪಾಠ ಆನ್‌ಲೈನಿನಲ್ಲಿ ನಡೆಯುತ್ತದೆ. ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಿ ಆರು ಗಂಟೆಗೆ ತರಗತಿ ಸೇರುವುದು ಯಾರಿಂದಾದೀತು, ಅದನ್ನು ನಾನು ತೆಗಳಲಾರೆ. ಆದರೆ ಧ್ವನಿಮುದ್ರಿತ ಪಾಠ ಯಾರನ್ನೂ "ಇವತ್ತು ನಿಮ್ಮಲ್ಲಿ ಏನಾಯಿತು?" ಎಂದು ಕೇಳುವುದಿಲ್ಲ. ನನ್ನ ಕೈಕೆಳಗೆ ಬಂದ ಹುಡುಗರು ಸಿಮ್ಯುಲೇಟರ್‌ನಲ್ಲಿ ಕ್ಷಣದಲ್ಲಿ ಉತ್ತರ ತೆಗೆಯುತ್ತಿದ್ದರು. ತಮ್ಮದೇ ಟವರಿನಲ್ಲಿ ಯಾವ ಗಂಟೆ ದಟ್ಟಣೆಯದೆಂದು ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತಿದ್ದರು.

ಮೇಷ್ಟ್ರ ಟಿಪ್ಪಣಿ ಪುಸ್ತಕಗಳನ್ನು ಕಾಲೇಜಿಗೆ ಕೊಡಲು ಮನೆಯವರು ಒಪ್ಪಿದ್ದಾರೆ. ಪ್ರಾಂಶುಪಾಲರು ಗ್ರಂಥಾಲಯದಲ್ಲೊಂದು ಕಪಾಟು ತೆರವು ಮಾಡಿಸಲಿ, ಬೀಗ ಮಾತ್ರ ಹಾಕಿಸದಿರಲಿ. ಖರ್ಚು ನಮ್ಮ ಬ್ಯಾಚಿನದು.